ಡಿಎನ್ಎಸ್‌ಮಾಸ್ಕ್ ಓಡ್ತಿದೆ, ಆದರೂ ಅಂಗಡಿಯ ಸರ್ವರ್ ಹೆಸರಿನಿಂದ ತೆರೆಯುತ್ತಿಲ್ಲ

ಪ್ರಶ್ನೆ

ನಮ್ಮದು ಚಿಕ್ಕ ಡಿಟಿಪಿ ಅಂಗಡಿ. ಎರಡು ವಿಂಡೋಸ್ ಕಂಪ್ಯೂಟರ್, ಒಂದು ಉಬುಂಟು, ಜೊತೆಗೆ ಎಲ್ಲರ ಫೋನು. ಮದುವೆ ಕಾರ್ಡಿನ ಡಿಸೈನ್‌ಗಳೆಲ್ಲ ರಾಸ್ಪ್‌ಬೆರಿ ಪೈ ಅನ್ನೋ ಒಂದು ಪುಟ್ಟ ಕಂಪ್ಯೂಟರ್‌ನಲ್ಲಿವೆ, ಬ್ರೌಸರ್‌ನಲ್ಲೇ ನೋಡುತ್ತೇವೆ. ಅದರ ವಿಳಾಸ 192.168.1.10. ಈ ನಂಬರ್ ಯಾರಿಗೂ ನೆನಪಿರಲ್ಲ. ಅದಕ್ಕೇ ಪೈನಲ್ಲಿ ಡಿಎನ್ಎಸ್‌ಮಾಸ್ಕ್ (ಹೆಸರು ಕೇಳಿದರೆ ನಂಬರ್ ಹೇಳುವ ಡಿಎನ್ಎಸ್ ಸರ್ವರ್ ಪ್ರೋಗ್ರಾಂ) ಹಾಕಿ ‘ಕಾರ್ಡ್.ಲೋಕಲ್’ ಅಂತ ಹೆಸರು ಕೊಟ್ಟೆ. ರೌಟರ್‌ನ ಡಿಎಚ್‌ಸಿಪಿಯಲ್ಲಿ (ಎಲ್ಲ ಸಾಧನಗಳಿಗೂ ನೆಟ್‌ವರ್ಕ್ ಸೆಟ್ಟಿಂಗ್ ಹಂಚುವ ಕಡೆ) ಮೊದಲ ಡಿಎನ್ಎಸ್ 192.168.1.10, ಎರಡನೆಯದು ಗೂಗಲ್‌ನ 8.8.8.8.

ವಿಂಡೋಸ್‌ನಲ್ಲಿ ಒಮ್ಮೆ ತೆರೆಯುತ್ತೆ, ಇನ್ನೊಮ್ಮೆ ಇಲ್ಲ. ಉಬುಂಟುವಿನಲ್ಲಿ ಎನ್ಎಸ್‌ಲುಕಪ್‌ಗೆ (ಡಿಎನ್ಎಸ್ ಪರೀಕ್ಷಿಸುವ ಕಮಾಂಡ್) ಪೈ ವಿಳಾಸ ಕೊಟ್ಟು ಕೇಳಿದರೆ ಸರಿಯಾದ ಉತ್ತರ, ಬ್ರೌಸರ್ ಮಾತ್ರ ಜಪ್ಪಯ್ಯ ಅಂದರೂ ತೆರೆಯಲ್ಲ. ಫೋನುಗಳಲ್ಲಂತೂ ಒಂದರಲ್ಲೂ ಬರುತ್ತಿಲ್ಲ. ನಂಬರ್ ಹಾಕಿದರೆ ಎಲ್ಲ ಕಡೆ ಸಲೀಸು.

ಉತ್ತರ

ಪೈ ಸರಿಯಾಗಿಯೇ ಇದೆ ಸರ್. ಉಳಿದವು ಅದನ್ನು ಕೇಳುತ್ತಲೇ ಇಲ್ಲ.

ಎರಡನೇ ಡಿಎನ್ಎಸ್ ಅಂದರೆ ಮೊದಲನೆಯದು ಕೆಟ್ಟಾಗ ಮಾತ್ರ ಕೆಲಸಕ್ಕೆ ಬರುವುದು ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಮೊದಲನೆಯದು ಸ್ವಲ್ಪ ತಡ ಮಾಡಿದರೂ ವಿಂಡೋಸ್ ಎರಡನೆಯದನ್ನು ಕೇಳಿಬಿಡುತ್ತೆ. ನಿಮ್ಮ ಅಂಗಡಿಯ ಹೆಸರು 8.8.8.8ಗೆ ಹೇಗೆ ಗೊತ್ತಿರಬೇಕು? ‘ಅಂಥ ಹೆಸರೇ ಇಲ್ಲ’ ಅನ್ನುತ್ತೆ. ವಿಂಡೋಸ್ ಪಾಲಿಗೆ ಅದೂ ಪೂರ್ತಿ ಉತ್ತರವೇ. ಹಾಗಾಗಿ ಮತ್ತೆ ಪೈ ಕಡೆ ತಿರುಗಲ್ಲ, ಮೇಲಾಗಿ ಆ ‘ಇಲ್ಲ’ವನ್ನೇ ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತೆ. ಎರಡನೇ ಜಾಗ ಖಾಲಿ ಬಿಡಿ. ಹೊರಗಿನ ಹೆಸರುಗಳಿಗೆ 8.8.8.8 ಬೇಕಿದ್ದರೆ ಅದನ್ನು ಡಿಎನ್ಎಸ್‌ಮಾಸ್ಕ್ ಒಳಗೆ ಅಪ್‌ಸ್ಟ್ರೀಮ್ ಆಗಿ, ಅಂದರೆ ತನಗೆ ಗೊತ್ತಿಲ್ಲದ್ದನ್ನು ಅದು ಕೇಳುವ ಸರ್ವರ್ ಆಗಿ ಕೊಡಿ.

ಉಬುಂಟು ಕಥೆ ಬೇರೆ. ‘.ಲೋಕಲ್’ ಮಲ್ಟಿಕಾಸ್ಟ್ ಡಿಎನ್ಎಸ್‌ಗೆ (ಸರ್ವರ್ ಇಲ್ಲದೆ ಒಳಗಿನ ನೆಟ್‌ವರ್ಕ್‌ನಲ್ಲಿರುವ ಎಲ್ಲರನ್ನೂ ಒಟ್ಟಿಗೆ ಕೇಳುವ ಪದ್ಧತಿ) ಮೀಸಲು, 2013ರ ಇಂಟರ್ನೆಟ್ ಮಾನದಂಡ ಆರ್‌ಎಫ್‌ಸಿ 6762 ಪ್ರಕಾರ. ಆ ಹೆಸರು ಕಂಡರೆ ಉಬುಂಟು ನಿಮ್ಮ ಸರ್ವರ್ ಬಿಟ್ಟು 224.0.0.251ಕ್ಕೆ, ಪೋರ್ಟ್ 5353ರಲ್ಲಿ ಕೂಗು ಹಾಕುತ್ತೆ. ಎನ್ಎಸ್‌ಲುಕಪ್ ಈ ದಾರಿ ಹಿಡಿಯದೆ ನೇರ ಪೈಯನ್ನೇ ಕೇಳಿತು, ಅದಕ್ಕೇ ಉತ್ತರ ಬಂತು. ಹೆಸರನ್ನು ‘ಕಾರ್ಡ್.ಹೋಮ್.ಆರ್ಪಾ’ ಅಂತ ಬದಲಿಸಿ. ‘ಹೋಮ್.ಆರ್ಪಾ’ ಇಂಥ ಒಳಬಳಕೆಗೇ 2018ರಿಂದ ಎತ್ತಿಟ್ಟದ್ದು.

ಆಂಡ್ರಾಯ್ಡ್‌ನಲ್ಲಿ ‘ಪ್ರೈವೇಟ್ ಡಿಎನ್ಎಸ್’ ನೋಡಿ. ಅಲ್ಲಿ ಯಾವುದಾದರೂ ಸರ್ವರ್ ಹೆಸರು ಬರೆದಿದ್ದರೆ ಡಿಎಚ್‌ಸಿಪಿ ಹೇಳಿದ್ದನ್ನು ಫೋನು ಕೇಳಲ್ಲ.

ಇನ್ನೊಬ್ಬರು

ಒಂದೇ ಪೈಗೆ ಇಷ್ಟೆಲ್ಲ ಯಾಕೆ? ಪೈನ ಹೋಸ್ಟ್‌ನೇಮ್ ‘ಕಾರ್ಡ್’ ಅಂತ ಇಟ್ಟರೆ ಅದರಲ್ಲಿರುವ ಅವಾಹಿಯೇ (ಮಲ್ಟಿಕಾಸ್ಟ್ ಡಿಎನ್ಎಸ್ ಪ್ರೋಗ್ರಾಂ) ‘ಕಾರ್ಡ್.ಲೋಕಲ್’ಗೆ ಉತ್ತರಿಸುತ್ತೆ, ಅಲ್ವಾ?

ಉತ್ತರ

ಹೌದು, ಕಂಪ್ಯೂಟರ್‌ಗಳಿಗಷ್ಟೇ ಆದರೆ ಸಾಕು. ಹಳೆ ಆಂಡ್ರಾಯ್ಡ್ ಫೋನುಗಳಿಗೆ ‘.ಲೋಕಲ್’ ಅರ್ಥವಾಗಲ್ಲ. ಎಲ್ಲರ ಫೋನು ಅಂದಿದ್ದಾರೆ, ಹಾಗಾಗಿ ನನ್ನ ಮತ ಡಿಎನ್ಎಸ್‌ಮಾಸ್ಕ್‌ಗೇ.

ಪ್ರಶ್ನೆ ಕೇಳಿದವರು

ಎರಡನೇ ಡಿಎನ್ಎಸ್ ತೆಗೆದೆ, ಹೊಸ ಹೆಸರು ಹಾಕಿದೆ, ಹೋಸ್ಟ್‌ನೇಮ್ ಕೂಡ ‘ಕಾರ್ಡ್’ ಮಾಡಿದೆ. ಉಬುಂಟು ಸರಿಹೋಯಿತು. ಫೋನುಗಳಲ್ಲಿ ಜಾಹೀರಾತು ತಡೆಯುವ ಡಿಎನ್ಎಸ್ ಹೆಸರಿತ್ತು, ‘ಆಟೋಮ್ಯಾಟಿಕ್’ಗೆ ಇಟ್ಟ ಮೇಲೆ ಬಂತು. ಈಗ ವಿಂಡೋಸ್ ಒಂದರಲ್ಲಿ ‘ಕನೆಕ್ಷನ್ ರೆಫ್ಯೂಸ್ಡ್’. ಲುಕಪ್ ಮಾಡಿದರೆ 192.168.1.10 ಜೊತೆ 127.0.1.1 ಕೂಡ ತೋರಿಸುತ್ತಿದೆ!

ಉತ್ತರ

ಪೈನ ಹೋಸ್ಟ್ಸ್ ಫೈಲ್ (ಹೆಸರು, ವಿಳಾಸಗಳ ಪಟ್ಟಿ) ತೆರೆದು ನೋಡಿ. ‘127.0.1.1 ಕಾರ್ಡ್’ ಅಂತ ಸಾಲಿರುತ್ತೆ. ಡಿಎನ್ಎಸ್‌ಮಾಸ್ಕ್ ಆ ಫೈಲನ್ನೂ ಓದುತ್ತೆ. ‘ಎಕ್ಸ್‌ಪ್ಯಾಂಡ್ ಹೋಸ್ಟ್ಸ್’ ಹಾಕಿದ್ದರೆ ಹಿಂದೆ ಡೊಮೈನ್ ಅಂಟಿಸಿ ಅದನ್ನೂ ಹಂಚುತ್ತೆ. 127ರಿಂದ ಶುರುವಾಗುವ ವಿಳಾಸ ಅಂದರೆ ಆಯಾ ಕಂಪ್ಯೂಟರೇ, ಆಗ ವಿಂಡೋಸ್ ತನ್ನ ಬಾಗಿಲನ್ನೇ ತಟ್ಟುತ್ತಿರುತ್ತೆ. ಕಾನ್ಫಿಗ್‌ನಲ್ಲಿ ‘ನೋ ಹೋಸ್ಟ್ಸ್’ ಸೇರಿಸಿ, ಕಾರ್ಡ್ ಹೆಸರನ್ನು ‘ಹೋಸ್ಟ್ ರೆಕಾರ್ಡ್’ ಸಾಲಿನಲ್ಲಿ ಬರೆದು, ಸರ್ವಿಸ್ ರೀಸ್ಟಾರ್ಟ್ ಮಾಡಿ. ವಿಂಡೋಸ್‌ನಲ್ಲಿ ಡಿಎನ್ಎಸ್ ಕ್ಯಾಶ್ (ನೆನಪಿಟ್ಟುಕೊಂಡ ಹಳೆ ಉತ್ತರಗಳು) ಖಾಲಿ ಮಾಡುವುದನ್ನು ಮರೆಯಬೇಡಿ.

ಪ್ರಶ್ನೆ ಕೇಳಿದವರು

ಎಲ್ಲದರಲ್ಲೂ ಬಂತು, ತುಂಬಾ ಥ್ಯಾಂಕ್ಸ್ ಸರ್. ಕರೆಂಟ್ ಹೋಗಿ ಪೈ ಆಫ್ ಆದರೆ?

ಉತ್ತರ

ಹೆಸರು ಹುಡುಕಿಕೊಡಲು ಬೇರೆ ಡಿಎನ್ಎಸ್ ಇಲ್ಲವಲ್ಲ, ಯಾರಿಗೂ ನೆಟ್ ಇರಲ್ಲ. ರೌಟರ್ ಇರುವ ಯುಪಿಎಸ್‌ಗೇ ಪೈಯನ್ನೂ ಸೇರಿಸಿ. ರೌಟರ್‌ಗೆ ಓಪನ್‌ವರ್ಟ್ ಅನ್ನೋ ಮುಕ್ತ ಸಾಫ್ಟ್‌ವೇರ್ ಹಾಕಲು ಆಗುವುದಾದರೆ ಇನ್ನೂ ಒಳ್ಳೆಯದು, ಅದರಲ್ಲಿ ಡಿಎನ್ಎಸ್‌ಮಾಸ್ಕ್ ಮೊದಲೇ ಇರುತ್ತೆ.