ಗುಡ್ಡದ ನೆತ್ತಿಗೆ 50,000 ಲೀಟರ್ ಟ್ಯಾಂಕು: ಬಿಡಿ ಶೀಟು ಹೊತ್ತೊಯ್ದು ಅಲ್ಲೇ ಜೋಡಿಸುವುದು ಹೇಗೆ?

ಪ್ರಶ್ನೆ: ಹೊಸನಗರ ಕಡೆಯ ಅಡಿಕೆ ಬೆಳೆಗಾರ

ನಮಸ್ಕಾರ ಸರ್. ನಮ್ಮದು ನಾಲ್ಕು ಎಕರೆ ಅಡಿಕೆ ತೋಟ. ಮನೆ ಹಿಂದಿನ ಗುಡ್ಡದ ನೆತ್ತಿ ತೋಟಕ್ಕಿಂತ ಸುಮಾರು 30 ಮೀಟರ್ ಎತ್ತರದಲ್ಲಿದೆ. ಕರೆಂಟು ಇದ್ದಾಗ ಮೇಲೆ ನೀರು ತುಂಬಿಸಿಟ್ಟರೆ ಆಮೇಲೆ ನಮಗೆ ಬೇಕಾದ ಹೊತ್ತಿಗೆ ಡ್ರಿಪ್ ಬಿಡಬಹುದು ಅಂತ ಯೋಚನೆ. 50,000 ಲೀಟರ್ ಹಿಡಿಯಬೇಕು. ಜೀಪು ಅರ್ಧ ಗುಡ್ಡದವರೆಗೆ ಹೋಗುತ್ತೆ, ಆಮೇಲೆ ಕಾಲುದಾರಿ. ಕಾಂಕ್ರೀಟ್ ಅಂದರೆ ಜಲ್ಲಿ, ಮರಳು ಹೊತ್ತು ಮುಗಿಯೋದಿಲ್ಲ. ದೊಡ್ಡ ಪ್ಲಾಸ್ಟಿಕ್ ಟ್ಯಾಂಕು ಆ ದಾರಿಯಲ್ಲಿ ತಿರುಗೋದೇ ಇಲ್ಲ. ರೈಲ್ವೆ ಸ್ಟೇಷನ್ನಿನಲ್ಲಿ ಇರುವಂಥ ಚೌಕ ಪ್ಲೇಟಿನ ಟ್ಯಾಂಕು ಮಾಡಿಸಿ ಅಂತ ಒಬ್ಬರು, ದುಂಡಗಿನದು ಮಾಡಿಸಿ ಅಂತ ಇನ್ನೊಬ್ಬರು ಹೇಳಿದರು. ವೆಲ್ಡಿಂಗ್ ಸೆಟ್ ಮೇಲೆ ಒಯ್ಯೋಕೆ ಆಗಲ್ಲ. ನಮ್ಮ ಆಳುಗಳೇ ನಟ್ಟು-ಬೋಲ್ಟು ಹಾಕಿ ಜೋಡಿಸಬಹುದಾ?

ಉತ್ತರ

ನಮಸ್ಕಾರ. ಜೋಡಿಸಬಹುದು. ಆದರೆ ಜೋಡಣೆ ಸುಲಭವಾಗುತ್ತೋ ಇಲ್ಲವೋ ಅನ್ನೋದು ಗುಡ್ಡದ ಮೇಲೆ ತೀರ್ಮಾನ ಆಗೋದಲ್ಲ, ವರ್ಕ್‌ಶಾಪಿನಲ್ಲಿ ತೂತು ಕೊರೆಯುವ ದಿನವೇ ಆಗಿರುತ್ತೆ. ಪೀಣ್ಯದಲ್ಲಿ ಇಪ್ಪತ್ತಾರು ವರ್ಷ ಶೀಟ್ ಮೆಟಲ್ ಕೆಲಸ ಮಾಡಿ ನಾನು ಕಲಿತದ್ದು ಇದು.

ಮೊದಲು ಚೌಕ ಪ್ಲೇಟಿನ ವಿಚಾರ. ಅದು ಒಳ್ಳೆಯ, ಹಳೆಯ ವಿನ್ಯಾಸ. ನಮ್ಮ ದೇಶದಲ್ಲಿ ಅದಕ್ಕೆ ಐಎಸ್ 804 ಅನ್ನುವ ಮಾನದಂಡ 1967ರದ್ದು. 1.25 ಮೀಟರ್ ಚೌಕದ ಪ್ಲೇಟನ್ನು ಪ್ರೆಸ್ಸಿನಲ್ಲಿ ಒತ್ತಿ ಮಧ್ಯೆ ಉಬ್ಬು ಕೊಡುತ್ತಾರೆ, ಅಂಚು ಮಡಚಿ ಬೋಲ್ಟು ಹಾಕುತ್ತಾರೆ. ಯಾವ ಪ್ಲೇಟನ್ನು ಎಲ್ಲಿ ಬೇಕಾದರೂ ಕೂರಿಸಬಹುದು, ಅದೇ ಅದರ ದೊಡ್ಡ ಗುಣ. ತೊಂದರೆ ತೂಕದ್ದು. 5 ಎಂಎಂ ದಪ್ಪದ ಒಂದೊಂದು ಪ್ಲೇಟೂ 70 ಕಿಲೋ ಮೇಲೆಯೇ ತೂಗುತ್ತೆ. ನಿಮ್ಮ ಅಳತೆಗಿಂತ ತುಸು ಕಡಿಮೆ, ಸುಮಾರು 47,000 ಲೀಟರ್ ಹಿಡಿಯೋದಕ್ಕೇ ತಳಕ್ಕೆ 12, ಗೋಡೆಗೆ 28, ಒಟ್ಟು 40 ಪ್ಲೇಟು ಬೇಕು. ಅಂದರೆ ಮುಚ್ಚಳ ಬಿಟ್ಟು ಸುಮಾರು 3 ಟನ್ನು ಕಬ್ಬಿಣ.

ಯಾಕೆ ಅಷ್ಟು ದಪ್ಪ ಅಂದರೆ, ಚಪ್ಪಟೆ ಗೋಡೆಯನ್ನು ನೀರು ಹೊರಕ್ಕೆ ಬಗ್ಗಿಸಲು ನೋಡುತ್ತೆ. ನೀರಿನ ಎತ್ತರ ಎರಡು ಪಟ್ಟಾದರೆ ಗೋಡೆಯ ಮೇಲಿನ ಒಟ್ಟು ತಳ್ಳಾಟ ನಾಲ್ಕು ಪಟ್ಟು. 1.25 ಮೀಟರ್ ನೀರಿಗೆ ಒಂದು ಮೀಟರ್ ಉದ್ದದ ಗೋಡೆಯ ಮೇಲೆ ಮುಕ್ಕಾಲು ಟನ್ನು ಚಿಲ್ಲರೆ, 2.5 ಮೀಟರ್ ನೀರಿಗೆ 3 ಟನ್ನು. ಅದಕ್ಕೇ ಚೌಕ ಟ್ಯಾಂಕಿನ ಒಳಗೆ ಅಡ್ಡಡ್ಡ ಸರಳು ಕಟ್ಟಿರುತ್ತಾರೆ. ದುಂಡಗಿನ ಗೋಡೆಗೆ ಈ ಬಗ್ಗುವ ಕಷ್ಟ ಇಲ್ಲ. ಪೀಪಾಯಿಯ ಪಟ್ಟಿ ಇದ್ದಹಾಗೆ ಶೀಟು ಬರೀ ಎಳೆತ ತಡೆದುಕೊಂಡರೆ ಸಾಕು, ಎಳೆತ ತಡೆಯೋದರಲ್ಲಿ ಉಕ್ಕಿಗೆ ಸಾಟಿ ಇಲ್ಲ.

ನಾನಾದರೆ ನಿಮಗೆ ಹೀಗೆ ಮಾಡಿಕೊಡುತ್ತಿದ್ದೆ: 2.5 ಮೀಟರ್ ಉದ್ದ, 1.25 ಮೀಟರ್ ಅಗಲದ ಶೀಟುಗಳು. ಒಂದು ಸುತ್ತಿಗೆ ಏಳು, ಒಂದರ ಮೇಲೊಂದು ಎರಡು ಸುತ್ತು, ಒಟ್ಟು 14. ವ್ಯಾಸ ಸುಮಾರು 5.35 ಮೀಟರ್ ಆಗುತ್ತೆ, 2.3 ಮೀಟರ್ ನೀರು ನಿಲ್ಲಿಸಿದರೆ 51,000 ಲೀಟರ್ ಮೇಲೆ. ಕೆಳಗಿನ ಸುತ್ತು 2 ಎಂಎಂ, ಮೇಲಿನದು 1.6 ಎಂಎಂ. ಶೀಟು ಒಂದಕ್ಕೆ 49 ಮತ್ತು 39 ಕಿಲೋ, ಇಬ್ಬರು ಆರಾಮಾಗಿ ಹೊರಬಹುದು. ಮೇಲೆ, ಕೆಳಗೆ ಸುತ್ತಲೂ 50 ಎಂಎಂ ಆಂಗಲ್, ಅಂದರೆ ಎಲ್ ಆಕಾರದ ಕಬ್ಬಿಣದ ಪಟ್ಟಿ. ಎಲ್ಲ ಸೇರಿ ಸುಮಾರು 750 ಕಿಲೋ. ಇದಕ್ಕೆ ಕಬ್ಬಿಣದ ತಳ ಇಲ್ಲ. ಒಳಗೆ ಚೀಲದ ಹಾಗೆ ಲೈನರ್ ಅನ್ನುವ ಪ್ಲಾಸ್ಟಿಕ್ ಹಾಳೆ ಇಳಿಬಿಡುತ್ತೇವೆ, ನೀರು ತಡೆಯೋದು ಲೈನರ್, ಭಾರ ತಡೆಯೋದು ಶೀಟು. ಹಾಗಾಗಿ ಜಾಯಿಂಟು ಜಾಯಿಂಟಿಗೂ ಗ್ಯಾಸ್ಕೆಟ್ ಕೂರಿಸುವ, ಎಲ್ಲಿ ಸೋರುತ್ತೆ ಅಂತ ಹುಡುಕುವ ಕೆಲಸವೇ ಇಲ್ಲ. ಹೊಸಬರು ಜೋಡಿಸುವ ಟ್ಯಾಂಕಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಕಾಣೆ.

2 ಎಂಎಂ ಸಾಕಾ ಅಂತ ಎಲ್ಲರೂ ಕೇಳುತ್ತಾರೆ. ತಳದ ಹತ್ತಿರ ಒಂದು ಮೀಟರ್ ಅಗಲದ ಪಟ್ಟಿಯಲ್ಲಿ ಸುಮಾರು 6 ಟನ್ನಿನ ಎಳೆತ ಇರುತ್ತೆ. ಶೀಟಿನ ಮಧ್ಯಭಾಗ ಅದರ ಎಷ್ಟೋ ಪಟ್ಟು ತಡೆಯುತ್ತೆ. ಸೋಲುವುದಿದ್ದರೆ ಬೋಲ್ಟಿನ ತೂತು ಸೋಲುತ್ತೆ. ಬೋಲ್ಟು ತೂತನ್ನು ಎಳೆದು ಉದ್ದ ಮಾಡುತ್ತೆ, ಆಮೇಲೆ ಅಂಚು ಹರಿಯುತ್ತೆ. ಆದ್ದರಿಂದ ನಿಂತ ಜಾಯಿಂಟಿಗೆ 12 ಎಂಎಂ ಬೋಲ್ಟು ಎರಡು ಸಾಲು, ಅಂಕುಡೊಂಕಾಗಿ, 100 ಎಂಎಂಗೆ ಒಂದರಂತೆ. ಶೀಟಿನ ಅಂಚಿನಿಂದ ತೂತಿನ ಮಧ್ಯಕ್ಕೆ 25 ಎಂಎಂಗಿಂತ ಕಡಿಮೆ ಬಿಡಬೇಡಿ. ದುಡ್ಡು ಉಳಿಸಲು ಒಂದು ಸಾಲು ಸಾಕು ಅನ್ನುವವರ ಮಾತು ಕೇಳಬೇಡಿ.

ಬೋಲ್ಟಿನ ಗುಂಡು ತಲೆ ಒಳಗೆ, ನಟ್ಟು ಹೊರಗೆ. ಚೂಪು ಏನೂ ಲೈನರ್‌ಗೆ ತಾಗಬಾರದು. ಇಡೀ ಟ್ಯಾಂಕಿಗೆ ಒಂದೇ ಅಳತೆಯ ಬೋಲ್ಟು ಇಡಿ. ಆಗ ಎರಡು ಸ್ಪ್ಯಾನರಿನಲ್ಲಿ ಕೆಲಸ ಮುಗಿಯುತ್ತೆ, ಯಾವ ಬೋಲ್ಟು ಎಲ್ಲಿಗೆ ಅನ್ನುವ ಗೊಂದಲ ಇರೋದಿಲ್ಲ.

ಒಂದು ಮಾತು ಮಾತ್ರ ನೀವು ಮೊದಲೇ ಯೋಚಿಸಬೇಕು. ಎತ್ತರದಲ್ಲಿ 10 ಮೀಟರಿಗೆ ಹೆಚ್ಚುಕಡಿಮೆ 1 ಕಿಲೋ ಪ್ರೆಶರ್ ಸಿಗುತ್ತೆ. ಡ್ರಿಪ್‌ಗೆ 30 ಮೀಟರ್ ಬೇಕಿಲ್ಲ. ಜೀಪು ನಿಲ್ಲುವ ಅರ್ಧ ಗುಡ್ಡದಲ್ಲೇ ಇಟ್ಟರೆ ಒಂದೂವರೆ ಕಿಲೋ ಸಿಗುತ್ತೆ, ಫಿಲ್ಟರಿನಲ್ಲಿ, ಪೈಪಿನಲ್ಲಿ ಸ್ವಲ್ಪ ಹೋದರೂ ಸಾಕಾಗಬಹುದು. ಅಲ್ಲಿ ಜಾಗ ಹೇಗಿದೆ?

ಅದೇ ಬೆಳೆಗಾರ

ಸರ್, ಅರ್ಧ ಗುಡ್ಡದಲ್ಲಿ ಒಳ್ಳೆ ಸಮತಟ್ಟು ಜಾಗ ಇದೆ. ಆದರೆ ಅದು ದಾರಿ ಕಡಿಸಿದಾಗ ಜೆಸಿಬಿಯವರು ಮಣ್ಣು ತಳ್ಳಿ ಆದದ್ದು. ಮೂರು ಮಳೆಗಾಲ ಕಳೆದಿದೆ, ಗಟ್ಟಿಯಾಗಿದೆ ಅನಿಸುತ್ತೆ.

ಉತ್ತರ

ಹಾಗಾದರೆ ಅಲ್ಲಿ ಬೇಡವೇ ಬೇಡ. ಕಾಲಿಗೆ ಗಟ್ಟಿ ಅನಿಸೋದು ಬೇರೆ, 51 ಟನ್ನು ನೀರು ಹೊರುವುದು ಬೇರೆ. ಭಾರ ಚದರ ಮೀಟರಿಗೆ 2.3 ಟನ್ನು ಮಾತ್ರ, ಕಡಿದ ಗಟ್ಟಿ ನೆಲಕ್ಕೆ, ಜಂಬಿಟ್ಟಿಗೆಯ ನೆಲಕ್ಕೆ ಅದು ಲೆಕ್ಕವೇ ಅಲ್ಲ. ಆದರೆ ಇಳಿಜಾರಿಗೆ ಸುರಿದ ಮಣ್ಣಿನ ಮೇಲೆ ಭಾರ ಇಟ್ಟು, ಮಲೆನಾಡಿನ ಮಳೆ ಕುಡಿಸಿದರೆ ಅದು ಕೆಳಗೆ ನಿಮ್ಮ ಮನೆ ಕಡೆಗೇ ಬರುತ್ತೆ. ಅರ್ಧ ಕಡಿದ ನೆಲ, ಅರ್ಧ ತುಂಬಿದ ನೆಲವೂ ಕೂಡದು. ಒಂದು ಪಕ್ಕ ಕುಸಿದರೆ ದುಂಡು ಮೊಟ್ಟೆಯಾಕಾರ ಆಗುತ್ತೆ, ಜಾಯಿಂಟುಗಳ ಲೆಕ್ಕವೆಲ್ಲ ತಪ್ಪುತ್ತೆ.

ನೆತ್ತಿಯಲ್ಲೇ ಮಾಡಿ. ಹೊರುವುದು ಒಂದೆರಡು ದಿನದ ಕಷ್ಟ. ಇಡೀ ವೃತ್ತ ಕಡಿದ ನೆಲದಲ್ಲೇ ಬರಲಿ, ದರೆಯ ಅಂಚಿನಿಂದ ಸಾಕಷ್ಟು ಒಳಗಿರಲಿ, ಮೇಲಿನಿಂದ ಹರಿದು ಬರುವ ಮಳೆನೀರಿಗೆ ಸುತ್ತ ಕಾಲುವೆ ತೆಗೆಯಿರಿ. ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಪೈಪು ಸಾಕು, ಸುತ್ತಲೂ 10 ಎಂಎಂ ಒಳಗೆ ಬರಲಿ. ಕಲ್ಲು, ಬೇರು ಆರಿಸಿ, ಜರಡಿ ಹಿಡಿದ ಮಣ್ಣನ್ನು ಎರಡು ಇಂಚು ಹಾಸಿ ದಮ್ಮಸು ಮಾಡಿ, ಮೇಲೆ ದಪ್ಪ ಫೆಲ್ಟು (ಒತ್ತಿ ಮಾಡಿದ ಮೆತ್ತನೆ ಬಟ್ಟೆ). ಗೋಡೆಯ ಒಳಮೈಗೂ ಅದೇ ಫೆಲ್ಟು ಇಳಿಬಿಡಿ.

ಲೈನರನ್ನು ಟ್ಯಾಂಕಿನ ಆಕಾರಕ್ಕೇ ಬಿಸಿಗಾಳಿ ವೆಲ್ಡಿಂಗ್ ಮಾಡಿಸಿ ತರಿಸಿ, ಟ್ಯಾಂಕಿಗಿಂತ ಒಂದು ಕೈ ದೊಡ್ಡದೇ ಇರಲಿ. ಚಿಕ್ಕದಾದರೆ ನೀರಿನ ಭಾರ ಶೀಟಿನ ಬದಲು ಲೈನರ್ ಮೇಲೆ ಬೀಳುತ್ತೆ. ಮುಕ್ಕಾಲು ಎಂಎಂ ದಪ್ಪದ್ದು ಸುಮಾರು 60 ಕಿಲೋ ತೂಗುತ್ತೆ. ಕೃಷಿಹೊಂಡಕ್ಕೆ ಹಾಕುವ ಬಿರುಸು ಹಾಳೆಯನ್ನು ಮಡಚಿ ತುರುಕಬೇಡಿ, ಮಡಿಕೆಯಲ್ಲೇ ಸೀಳುತ್ತೆ. ಮೇಲೆ ಮುಚ್ಚಳ ಇರಲೇಬೇಕು. ಬಿಸಿಲು ಒಂದು ಕಾರಣ, ಮಂಗ ಇನ್ನೊಂದು.

ಪ್ರಶ್ನೆ: ಪಾಲಿಟೆಕ್ನಿಕ್ ವಿದ್ಯಾರ್ಥಿ, ದಾವಣಗೆರೆ

ಸರ್, ಏಳು ಶೀಟಿನಲ್ಲಿ ಒಂದೊಂದಕ್ಕೆ 2 ಎಂಎಂ ತಪ್ಪಿದರೆ ಕೊನೆಗೆ 14 ಎಂಎಂ ಆಗುತ್ತಲ್ಲ? ಕೊನೆಯ ಶೀಟು ಹೇಗೆ ಕೂರುತ್ತೆ?

ಉತ್ತರ

ತಮ್ಮಾ, ಎಲ್ಲರೂ ಎಡವುವ ಜಾಗ ಹಿಡಿದಿದ್ದೀಯ. ಉತ್ತರ ಜಿಗ್‌ನಲ್ಲಿದೆ, ಅಂದರೆ ತೂತಿನ ಜಾಗ ತೋರಿಸುವ ಅಚ್ಚಿನಲ್ಲಿ. ಟೇಪು ಹಿಡಿದು, ಚಾಕ್‌ನಲ್ಲಿ ಗುರುತು ಹಾಕಿ ಒಂದೊಂದೇ ಶೀಟು ಕೊರೆದರೆ ಒಂದು 2 ಎಂಎಂ ಹೆಚ್ಚು, ಇನ್ನೊಂದು 1 ಎಂಎಂ ಕಡಿಮೆ, ಯಾವುದಕ್ಕೂ ಯಾವುದೂ ಹೊಂದೋದಿಲ್ಲ. ಒಂದು ದಪ್ಪ ಪಟ್ಟಿಯ ಜಿಗ್ ಮಾಡಿ ಎಲ್ಲ ಶೀಟನ್ನೂ ಅದರಲ್ಲೇ ಕೊರೆದರೆ, ಜಿಗ್‌ನಲ್ಲೇ 2 ಎಂಎಂ ತಪ್ಪಿದ್ದರೂ ಎಲ್ಲ ಶೀಟಿನಲ್ಲೂ ಅದೇ ತಪ್ಪು. ಸುತ್ತು ಮುಚ್ಚುತ್ತೆ. ಸುತ್ತಳತೆ 14 ಎಂಎಂ ಬದಲಾಗಿ ವ್ಯಾಸ ನಾಲ್ಕೂವರೆ ಎಂಎಂ ಬದಲಾಗುತ್ತೆ, ಅಷ್ಟೇ. ಟ್ಯಾಂಕಿಗೆ ಅದರಿಂದ ಏನೂ ಆಗೋದಿಲ್ಲ. ಅಳತೆ ಸರಿ ಇರೋದಕ್ಕಿಂತ ಎಲ್ಲವೂ ಒಂದೇ ಥರ ಇರೋದು ಮುಖ್ಯ.

ಆದರೆ ಇದರಲ್ಲೂ ಒಂದು ಸೂಕ್ಷ್ಮ ಇದೆ, ಅದನ್ನು ನಾನು ಪೆಟ್ಟು ತಿಂದೇ ಕಲಿತೆ. ನನ್ನ ಮೊದಲ ಬೋಲ್ಟು ಟ್ಯಾಂಕು ಒಂದು ಕಾಫಿ ತೋಟಕ್ಕೆ. ಎರಡೂ ಸುತ್ತಿಗೆ ಒಂದೇ ಜಿಗ್ ಬಳಸಿದ್ದೆ. ಕೆಳಗಿನ ಸುತ್ತು ಗಡಿಯಾರದ ಹಾಗೆ ಕೂತಿತು. ಮೇಲಿನ ಸುತ್ತು ಕೆಳಗಿನದರ ಹೊರಗೆ ಹೊದಿಸುವಂಥದ್ದು. ಮೂರನೆಯ ಶೀಟಿಗೇ ತೂತು ಸರಿಯತೊಡಗಿತು, ಏಳನೆಯದಕ್ಕೆ ಬರುವಾಗ 11 ಎಂಎಂ ಅಂತರ. ಹೊರಗೆ ಹೊದಿಯುವ ಸುತ್ತಿನ ತ್ರಿಜ್ಯ ಶೀಟಿನ ದಪ್ಪದಷ್ಟು ದೊಡ್ಡದು ತಾನೇ? 1.8 ಎಂಎಂ ತ್ರಿಜ್ಯ ಹೆಚ್ಚಿದರೆ ಸುತ್ತಳತೆ 11 ಎಂಎಂ ಹೆಚ್ಚುತ್ತೆ. ಇಷ್ಟು ಸಣ್ಣ ಲೆಕ್ಕ ನಾನು ಹಾಕಿರಲಿಲ್ಲ. ಎರಡು ದಿನ ಗುಡ್ಡದ ಮೇಲೆ ಕೂತು ಕೈಯಲ್ಲಿ ತೂತು ಹಿಗ್ಗಿಸಿದೆವು. ಸತುವಿನ ಲೇಪ ಕಿತ್ತುಹೋದ ಆ ತೂತುಗಳೆಲ್ಲ ಮುಂದಿನ ಮಳೆಗಾಲಕ್ಕೆ ತುಕ್ಕು ಕಾರಿದವು. ಆ ತೋಟದ ಯಜಮಾನರು ನನಗೆ ಒಂದು ಗಡಸು ಮಾತೂ ಆಡಲಿಲ್ಲ, ಅದು ಇವತ್ತಿಗೂ ನೋಯುತ್ತೆ.

ಆವತ್ತಿನಿಂದ ಮೇಲಿನ ಸುತ್ತಿಗೆ ಬೇರೆ ಜಿಗ್, ಶೀಟಿಗೆ 1.6 ಎಂಎಂ ಹೆಚ್ಚು. 12 ಎಂಎಂ ಬೋಲ್ಟಿಗೆ 14 ಎಂಎಂ ತೂತು. ಮತ್ತು ವರ್ಕ್‌ಶಾಪಿನ ಅಂಗಳದಲ್ಲಿ ಇಡೀ ಟ್ಯಾಂಕು ಒಮ್ಮೆ ನಿಲ್ಲಿಸಿ, ಶೀಟಿಗೆ ನಂಬರ್ ಪಂಚ್ ಹೊಡೆದು, ಬಿಚ್ಚಿದ ಮೇಲೆಯೇ ಲಾರಿಗೆ. ಹೊಸನಗರದ ಸರ್, ನೀವು ಯಾರ ಹತ್ತಿರ ಮಾಡಿಸಿದರೂ ಸರಿ, ಈ ಅಂಗಳದ ಜೋಡಣೆ ನಿಮ್ಮ ಕಣ್ಣೆದುರೇ ಆಗಬೇಕು ಅಂತ ಅಡ್ವಾನ್ಸ್ ಕೊಡುವಾಗಲೇ ಹೇಳಿ. ಆ ದಿನ ನಿಮ್ಮ ಇಬ್ಬರು ಆಳುಗಳನ್ನೂ ಕರೆದುಕೊಂಡು ಹೋಗಿ, ಅವರೇ ಕೈ ಹಾಕಲಿ.

ಜೋಡಿಸುವಾಗ ಎಲ್ಲ ಬೋಲ್ಟನ್ನೂ ಮೊದಲು ಬೆರಳಲ್ಲಿ ತಿರುಗಿಸಿ ಬಿಡಬೇಕು. ಸುತ್ತು ಪೂರ್ತಿ ಮುಚ್ಚುವ ತನಕ ಒಂದನ್ನೂ ಬಿಗಿ ಮಾಡಬಾರದು. ಬಹಳ ಜನ ಮೊದಲ ಜಾಯಿಂಟನ್ನೇ ಬಿಗಿದುಬಿಟ್ಟು ಕೊನೆಯದಕ್ಕೆ ಸುತ್ತಿಗೆ ಎತ್ತುತ್ತಾರೆ.

ಪ್ರಶ್ನೆ: ಶಿರಸಿಯ ಗೃಹಿಣಿ, ತೋಟ ನೋಡಿಕೊಳ್ಳುವವರು

ಸರ್, ಇಂಥದ್ದೇ ಸಣ್ಣ ಜಿಐ (ಸತು ಲೇಪಿಸಿದ ಕಬ್ಬಿಣ) ಟ್ಯಾಂಕಿನಲ್ಲಿ ಲೈನರ್ ಇಲ್ಲದೆ ಕೊಳೆರೋಗದ ಬೋರ್ಡೋ ದ್ರಾವಣ ಕಲಸಬಹುದಾ? ಮತ್ತೆ ಜಿಐ ಶೀಟು ಅಂದರೆ ಎಲ್ಲ ಒಂದೇನಾ?

ಉತ್ತರ

ಬೇಡ ಅಮ್ಮಾ, ಖಂಡಿತ ಬೇಡ. ಬೋರ್ಡೋಗೆ ಹಾಕುವ ಮೈಲುತುತ್ತ (ತಾಮ್ರದ ಸಲ್ಫೇಟ್) ಕಬ್ಬಿಣವನ್ನೂ ಸತುವನ್ನೂ ತಿನ್ನುತ್ತೆ, ದ್ರಾವಣದ ತಾಮ್ರ ಹೋಗಿ ಟ್ಯಾಂಕಿನ ಗೋಡೆಗೆ ಅಂಟುತ್ತೆ. ಔಷಧಿಯೂ ಕೆಡುತ್ತೆ, ಟ್ಯಾಂಕೂ ಕೆಡುತ್ತೆ. ಅದಕ್ಕೆ ಪ್ಲಾಸ್ಟಿಕ್ ಡ್ರಮ್ಮೇ ಸರಿ.

ಜಿಐ ಎಲ್ಲ ಒಂದೇ ಅಲ್ಲ. ಅಂಗಡಿಯಲ್ಲಿ 120 ಜಿಎಸ್ಎಂ ಅಂತ ಕೊಡುವುದರಲ್ಲಿ ಚದರ ಮೀಟರಿಗೆ ಎರಡೂ ಮೈ ಸೇರಿ 120 ಗ್ರಾಂ ಸತು, ಅಂದರೆ ಒಂದು ಮೈಗೆ 8 ಮೈಕ್ರಾನ್ ಚಿಲ್ಲರೆ (ಒಂದು ಎಂಎಂನ ಸಾವಿರದಲ್ಲೊಂದು ಪಾಲು ಮೈಕ್ರಾನ್). 275 ಜಿಎಸ್ಎಂ ಆದರೆ ಒಂದು ಮೈಗೆ ಸುಮಾರು 20. ಟ್ಯಾಂಕಿಗೆ 275 ಕೇಳಿ. 5 ಎಂಎಂ ಮೇಲಿನ ದಪ್ಪ ಪ್ಲೇಟನ್ನು ತೂತು ಕೊರೆದಾದ ಮೇಲೆ ಕರಗಿದ ಸತುವಿನಲ್ಲಿ ಮುಳುಗಿಸಿದರೆ ಒಂದು ಮೈಗೇ 85 ಮೈಕ್ರಾನ್ ಬರುತ್ತೆ, ಅದರ ಬಾಳಿಕೆಯೇ ಬೇರೆ. ತೆಳು ಶೀಟನ್ನು ಹಾಗೆ ಮುಳುಗಿಸಿದರೆ 450 ಡಿಗ್ರಿ ಶಾಖಕ್ಕೆ ಸೊಟ್ಟಗಾಗುತ್ತೆ, ಆಮೇಲೆ ತೂತಿಗೆ ತೂತು ಕೂಡೋದಿಲ್ಲ. ಅದಕ್ಕೇ ತೆಳು ಶೀಟು ಕೊರೆದ ಮೇಲೆ ತೂತಿನ ಅಂಚಿಗೆಲ್ಲ ಸತುವಿನ ಪೇಂಟು ಹಚ್ಚಬೇಕು. ಬೇಸರದ ಕೆಲಸ, ಬಿಡಬೇಡಿ.

ಅದೇ ಬೆಳೆಗಾರ

ಸರ್, ಕೊನೆಯದಾಗಿ: ಮಳೆಗಾಲದಲ್ಲಿ ಡ್ರಿಪ್ ಬೇಡ, ಟ್ಯಾಂಕು ಖಾಲಿ ಬಿಡಬಹುದಾ? ಪೈಪು ಯಾವ ಕಡೆ ಕೊಡಲಿ?

ಉತ್ತರ

ಖಾಲಿ ಬಿಡಬೇಡಿ. ತುಂಬಿದ ಟ್ಯಾಂಕು ಬಂಡೆ, ಖಾಲಿ ಟ್ಯಾಂಕು ನೆತ್ತಿಯ ಗಾಳಿಗೆ ಕಾಗದದ ಡಬ್ಬಿ. ಒಂದು ಅಡಿ ನೀರು ಸದಾ ಇರಲಿ, ಅದೇ 7 ಟನ್ನಿನ ಹತ್ತಿರ ಆಗುತ್ತೆ. ಮೇಲಿನ ಆಂಗಲ್ ಸುತ್ತು ಗೋಡೆ ಒಳಕ್ಕೆ ಕುಗ್ಗದಂತೆ ಹಿಡಿಯೋದಕ್ಕೇ ಇರುವುದು, ದುಡ್ಡಿಗೆ ಹೆದರಿ ಅದನ್ನು ಕೈಬಿಡಬೇಡಿ. ಕೆಳಗಿನ ಆಂಗಲ್‌ಗೆ ಜಾಯಿಂಟಿಗೊಂದರಂತೆ ಏಳು ಕಡೆ ನೆಲಕ್ಕೆ ಗೂಟ.

ಪೈಪು ನಿಂತ ಜಾಯಿಂಟಿನ ಹತ್ತಿರ ಬೇಡ, ಶೀಟಿನ ಮಧ್ಯದಲ್ಲಿ, ತಳದಿಂದ ಒಂದು ಅಡಿ ಮೇಲೆ ಕೊಡಿ. ಆಗ ಆ ಒಂದು ಅಡಿ ನೀರು ತಾನಾಗಿಯೇ ಉಳಿಯುತ್ತೆ, ಕೆಸರೂ ಫಿಲ್ಟರಿಗೆ ಬರೋದಿಲ್ಲ. ಲೈನರಿನ ಒಳಗೊಂದು, ಹೊರಗೊಂದು ರಬ್ಬರ್ ವಾಶರ್ ಇಟ್ಟು ಫ್ಲ್ಯಾಂಜು ಬಿಗಿಯಿರಿ. ವಾಲ್ವಿನ ಮುಂದೆ ಅರ್ಧ ಮೀಟರ್ ಹೋಸು ಇರಲಿ, ಇಳಿಜಾರಿನ ಪೈಪಿನ ಭಾರ ಗೋಡೆಯ ಮೇಲೆ ಜಗ್ಗಬಾರದು. ತುಂಬಿಸುವ ಪೈಪು ಒಂದೂವರೆ ಇಂಚಿದ್ದರೆ ತುಂಬಿ ಹೊರಹೋಗುವ ಪೈಪು 3 ಇಂಚು ಹಾಕಿ, ಆ ನೀರು ಬುಡದಲ್ಲಿ ಬೀಳದೆ ಕಾಲುವೆಗೆ ಹೋಗಲಿ.

ಮೊದಲ ಸಲ ತುಂಬಿಸುವಾಗ ಒಂದೆರಡು ಇಂಚು ನೀರು ಬಂದ ಕೂಡಲೇ ಪಂಪು ನಿಲ್ಲಿಸಿ, ಬರಿಗಾಲಲ್ಲಿ ಒಳಗಿಳಿದು ಲೈನರಿನ ಸುಕ್ಕನ್ನೆಲ್ಲ ಗೋಡೆ ಕಡೆ ತಳ್ಳಿ. ಅರ್ಧಕ್ಕೆ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಮತ್ತೆ ಪೈಪಿನಲ್ಲಿ ಮಟ್ಟ ನೋಡಿ, ಸರಿ ಇದ್ದರೆ ಪೂರ್ತಿ ತುಂಬಿಸಿ. ಅಂಗಳದ ಜೋಡಣೆ ಯಾವತ್ತು ಅಂತ ಗೊತ್ತಾದರೆ ಇಲ್ಲಿ ಬರೆಯಿರಿ, ಫೋಟೋ ಹಾಕಿ. ಜಾಯಿಂಟು ನೋಡಿ ಹೇಳುತ್ತೇನೆ.