ದೊಡ್ಡ ಕೆಯು ಸ್ಪೆಕ್ಟ್ರಮ್‌ನ ಹೋಮಾಲಜಿ ಎಫ್₂ ಗುಣಾಂಕಗಳಲ್ಲಿ ಸೊನ್ನೆಯಾಗುವುದೇಕೆ?

ಪ್ರಶ್ನೆ

ಸಂಕೀರ್ಣ ವೆಕ್ಟರ್ ಬಂಡಲ್‌ಗಳಿಂದ ಕಟ್ಟುವ ಸಂಕೀರ್ಣ ಕೆ-ಸಿದ್ಧಾಂತಕ್ಕೆ ಎರಡು ಸ್ಪೆಕ್ಟ್ರಮ್‌ಗಳಿವೆ. (ಸ್ಪೆಕ್ಟ್ರಮ್ ಎಂದರೆ ಒಂದು ಕೋಹೋಮಾಲಜಿ ಸಿದ್ಧಾಂತವನ್ನು ಪ್ರತಿನಿಧಿಸುವ, ಒಂದಕ್ಕೊಂದು ಜೋಡಿಸಿದ ಸ್ಪೇಸ್‌ಗಳ ಸಾಲು.) ಬಾಟ್ ಆವರ್ತನೆ (ಎರಡೆರಡು ಡಿಗ್ರಿಗೊಮ್ಮೆ ಗ್ರೂಪ್‌ಗಳು ಮರುಕಳಿಸುವುದು) ಧನ, ಋಣ ಎರಡೂ ಡಿಗ್ರಿಗಳಿಗೆ ಹಬ್ಬಿರುವುದು ದೊಡ್ಡ ಕೆಯು. ಅದರ ಋಣ ಡಿಗ್ರಿಯ ಹೋಮೊಟೊಪಿ ಗ್ರೂಪ್‌ಗಳನ್ನು ಕಳೆದರೆ ಉಳಿಯುವುದು ಚಿಕ್ಕ ಕೆಯು. ಎಫ್₂ (0, 1 ಎರಡೇ ಅಂಶಗಳ ಫೀಲ್ಡ್) ಗುಣಾಂಕಗಳಲ್ಲಿ ಚಿಕ್ಕ ಕೆಯುವಿನ ಹೋಮಾಲಜಿ ಅನಂತ ಜನಕಗಳುಳ್ಳ ಬಹುಪದೋಕ್ತಿ ರಿಂಗ್ ಆಗಿದ್ದರೆ, ದೊಡ್ಡ ಕೆಯುವಿನದು ಸೊನ್ನೆ. ಈ ಆವರ್ತನೆಯನ್ನು ಕೊಡುವ, 2ನೇ ಡಿಗ್ರಿಯ ಬಾಟ್ ಅಂಶವಾದ ಬೀಟಾಗೆ ವಿಲೋಮ ಕೊಟ್ಟರೆ ಚಿಕ್ಕದರಿಂದ ದೊಡ್ಡದು ಸಿಗುತ್ತದೆ ಎಂಬುದು ಗೊತ್ತು. ಆ ಒಂದೇ ಹೆಜ್ಜೆಯಲ್ಲಿ ಅಷ್ಟು ಸಮೃದ್ಧವಾದ ರಿಂಗ್ ಪೂರ್ತಿ ಅಳಿಸಿಹೋಗುವುದು ಹೇಗೆ? ಫಾರ್ಮಲ್ ಗ್ರೂಪ್‌ಗಳ ಮೂಲಕ ಕೊಡುವ ಸಾಧನೆಯನ್ನು ಓದಿದ್ದೇನೆ. ನನಗೆ ಬೇಕಾಗಿರುವುದು ಕೈಯಲ್ಲಿ ಮಾಡಬಹುದಾದ ನೇರ ಲೆಕ್ಕ.

ಉತ್ತರ 1

ಹೋಮಾಲಜಿಯು (ಮ್ಯಾಪ್‌ಗಳ ಸಾಲಿನ ಕೊನೆಯ ಮಿತಿಗಳಾದ) ಡೈರೆಕ್ಟೆಡ್ ಕೋಲಿಮಿಟ್‌ಗಳನ್ನು ಕಾಪಾಡುವುದರಿಂದ, ಚಿಕ್ಕ ಕೆಯುವಿನ ಹೋಮಾಲಜಿಯನ್ನು ಬೀಟಾದಿಂದ ಮತ್ತೆ ಮತ್ತೆ ಗುಣಿಸುತ್ತ ಹೋದಾಗ ದೊರೆಯುವ ಕೋಲಿಮಿಟ್ಟೇ ದೊಡ್ಡ ಕೆಯುವಿನ ಹೋಮಾಲಜಿ. ಹಾಗಾಗಿ ಆ ಗುಣಾಕಾರ ಏನು ಮಾಡುತ್ತದೆ ಎಂಬುದಷ್ಟೇ ಪ್ರಶ್ನೆ. ಅದು ಎಲ್ಲವನ್ನೂ ಸೊನ್ನೆಗೆ ಕಳಿಸುತ್ತದೆ.

ಬೀಟಾ ಗುಣಾಕಾರದ ಕೋಫೈಬರ್ (ಮ್ಯಾಪ್‌ನ ಬಿಂಬವನ್ನು ಕುಗ್ಗಿಸಿದಾಗ ಉಳಿಯುವ ಸ್ಪೆಕ್ಟ್ರಮ್) ಎಂದರೆ, 0ನೇ ಡಿಗ್ರಿಯಲ್ಲಿ ಮಾತ್ರ ಹೋಮೊಟೊಪಿ ಇರುವ, ಪೂರ್ಣಾಂಕಗಳ ಐಲೆನ್‌ಬರ್ಗ್-ಮ್ಯಾಕ್‌ಲೇನ್ ಸ್ಪೆಕ್ಟ್ರಮ್. ಅದನ್ನು ಎಚ್‌ಝಡ್ ಎನ್ನೋಣ. ಅಲ್ಲಿಂದ ಮೂರು ಸಲ ಸಸ್ಪೆಂಡ್ ಮಾಡಿದ ಚಿಕ್ಕ ಕೆಯುವಿಗೆ ಒಂದು ಮ್ಯಾಪ್ ಹೋಗುತ್ತದೆ. ಅದರ ತಳದಲ್ಲಿರುವುದು ಚಿಕ್ಕ ಕೆಯುವಿನ ಮೊದಲ ಕೆ-ಇನ್‌ವೇರಿಯಂಟ್ (ಹೋಮೊಟೊಪಿ ಗ್ರೂಪ್‌ಗಳು ಒಂದಕ್ಕೊಂದು ಹೇಗೆ ಅಂಟಿವೆ ಎಂದು ಹೇಳುವ ಕೋಹೋಮಾಲಜಿ ಅಂಶ), ಅಂದರೆ ಸ್ಟೀನ್‌ರಾಡ್ ವರ್ಗ-2 ಕೋಹೋಮಾಲಜಿ ಕ್ರಿಯೆಯ (Sq²) ಮೇಲೆ ಪೂರ್ಣಾಂಕ ಬಾಕ್‌ಸ್ಟೈನ್. 2ರ ಮಾಡ್ಯುಲೋ ನೋಡಿದರೆ ಅದು ವರ್ಗ-3 ಕ್ರಿಯೆ (Sq³), ಮತ್ತು ಎಚ್‌ಝಡ್‌ನ ಕೋಹೋಮಾಲಜಿಯಲ್ಲಿ ಅದು ಸೊನ್ನೆಯಲ್ಲ. ಆದ್ದರಿಂದ ಎಚ್‌ಝಡ್‌ನ 3ನೇ ಡಿಗ್ರಿಯಲ್ಲಿರುವ ಒಂದೇ ಒಂದು ಹೋಮಾಲಜಿ ವರ್ಗ ನೇರವಾಗಿ ತಳದ ವರ್ಗಕ್ಕೆ ಹೋಗಿ ಕೂರುತ್ತದೆ. ಸೀಕ್ವೆನ್ಸ್ ಎಕ್ಸಾಕ್ಟ್ ಆಗಿರುವುದರಿಂದ, ಮುಂದಿನ ಮ್ಯಾಪ್‌ನಲ್ಲಿ ಆ ತಳದ ವರ್ಗ ಸೊನ್ನೆಯಾಗಲೇಬೇಕು. ಆ ಮುಂದಿನ ಮ್ಯಾಪ್ ಬೀಟಾ ಗುಣಾಕಾರವೇ. ಅಂದರೆ ಬೀಟಾದ ಹ್ಯೂರೆವಿಚ್ ಬಿಂಬ (ಹೋಮೊಟೊಪಿಯಿಂದ ಹೋಮಾಲಜಿಗೆ ಕಳಿಸಿದಾಗ ಸಿಗುವ ಅಂಶ) ಸೊನ್ನೆ. ಚಿಕ್ಕ ಕೆಯು ರಿಂಗ್ ಸ್ಪೆಕ್ಟ್ರಮ್ ಆಗಿರುವುದರಿಂದ, ತಳದಲ್ಲಿ ಸೊನ್ನೆಯಾದದ್ದು ಎಲ್ಲ ಡಿಗ್ರಿಗಳಲ್ಲೂ ಸೊನ್ನೆ.

ನನ್ನ ದೃಷ್ಟಿಯಲ್ಲಿ ಇದರ ನಿಜವಾದ ಲಾಭ ಬೇರೆ. ಬೀಟಾ ಸೊನ್ನೆಯಾದದ್ದರಿಂದ ದೀರ್ಘ ಎಕ್ಸಾಕ್ಟ್ ಸೀಕ್ವೆನ್ಸ್ ಚಿಕ್ಕ ಚಿಕ್ಕ ತುಂಡುಗಳಾಗಿ ಒಡೆಯುತ್ತದೆ: ಎಚ್‌ಝಡ್‌ನ ಪ್ವಾಂಕಾರೆ ಶ್ರೇಣಿಯು (ಪ್ರತಿ ಡಿಗ್ರಿಯ ಆಯಾಮವನ್ನು ಟಿಯ ಆ ಘಾತದ ಗುಣಾಂಕವಾಗಿ ಬರೆದ ಶ್ರೇಣಿ) ಚಿಕ್ಕ ಕೆಯುವಿನ ಶ್ರೇಣಿಯ (1+ಟಿ³) ಪಟ್ಟು ಆಗುತ್ತದೆ. ಮಿಲ್ನರ್ 1958ರಲ್ಲಿ ತೋರಿಸಿದಂತೆ ಸ್ಟೀನ್‌ರಾಡ್ ಆಲ್ಜೀಬ್ರಾದ ಡ್ಯುಯಲ್ (ಎಫ್₂ನ ಐಲೆನ್‌ಬರ್ಗ್-ಮ್ಯಾಕ್‌ಲೇನ್ ಸ್ಪೆಕ್ಟ್ರಮ್‌ನ ಹೋಮಾಲಜಿ) ಎಂಬುದು 1, 3, 7, 15… ಡಿಗ್ರಿಗಳ ಕ್ಸೈ₁, ಕ್ಸೈ₂, ಕ್ಸೈ₃… ಜನಕಗಳ ಬಹುಪದೋಕ್ತಿ ರಿಂಗ್ (ಇಲ್ಲಿ ಅವುಗಳ ಕಾಂಜುಗೇಟ್‌ಗಳನ್ನೇ ಕ್ಸೈ ಎಂದು ಬರೆಯುತ್ತಿದ್ದೇನೆ). ಎಚ್‌ಝಡ್‌ನಲ್ಲಿ ಕ್ಸೈ₁ರ ಬದಲು ಅದರ ವರ್ಗವಾದ ಕ್ಸೈ₁² ಇದೆ; ಉಳಿದವು ಹಾಗೆಯೇ ಇವೆ. ಕ್ಸೈ₂ರಿಂದ ಬರುವ 1/(1−ಟಿ³) ಎಂಬ ಅಪವರ್ತನವನ್ನು (1+ಟಿ³)ರಿಂದ ಭಾಗಿಸಿದರೆ 1/(1−ಟಿ⁶) ಬರುತ್ತದೆ. ಅಂದರೆ ಈಗ ಕ್ಸೈ₂ರ ಜಾಗಕ್ಕೂ ಅದರ ವರ್ಗವಾದ ಕ್ಸೈ₂² ಬಂತು.

ಪ್ರಶ್ನೆ ಕೇಳಿದವರಿಂದ

ತುಂಬ ಧನ್ಯವಾದಗಳು. ಆದರೆ ಶ್ರೇಣಿಗಳು ಹೊಂದಿದ ಮಾತ್ರಕ್ಕೆ ರಿಂಗ್ ಯಾವುದೆಂದು ನಿರ್ಧಾರವಾಗುವುದಿಲ್ಲವಲ್ಲ?

ಉತ್ತರ 1, ಮುಂದುವರಿದು

ನಿರ್ಧಾರವಾಗುವುದಿಲ್ಲ, ನಿಮ್ಮ ಮಾತು ಸರಿ. ಆದರೆ ಮೇಲಿನ ತುಂಡುಗಳೇ ಅದನ್ನೂ ಹೇಳುತ್ತವೆ. ಚಿಕ್ಕ ಕೆಯುವಿನ ಹೋಮಾಲಜಿ ಎಚ್‌ಝಡ್‌ನ ಹೋಮಾಲಜಿಯೊಳಗೆ ಉಪರಿಂಗ್ ಆಗಿ ಕೂರುತ್ತದೆ, ಮತ್ತು ಅದು ಕೆ-ಇನ್‌ವೇರಿಯಂಟ್ ಹುಟ್ಟಿಸುವ ಮ್ಯಾಪ್‌ನ ಕರ್ನಲ್. ಆ ಮ್ಯಾಪ್ ಮಿಲ್ನರ್‌ರ ಕ್ಯೂ₁ ಕ್ರಿಯೆಯಿಂದ ಬಂದದ್ದಾದ್ದರಿಂದ ಅದೊಂದು ಡೆರಿವೇಶನ್ (ಅವಕಲನದ ಗುಣಲಬ್ಧ ನಿಯಮವನ್ನು ಪಾಲಿಸುವ ಮ್ಯಾಪ್). ಅದು ಕ್ಸೈ₂ನ್ನು 1ಕ್ಕೂ ಉಳಿದ ಜನಕಗಳನ್ನು ಸೊನ್ನೆಗೂ ಕಳಿಸುತ್ತದೆ. ಸರಳವಾಗಿ ಹೇಳಿದರೆ, ಅದು ಕ್ಸೈ₂ಕ್ಕೆ ಸಂಬಂಧಿಸಿದ ಭಾಗಶಃ ಅವಕಲನ. 2ರ ಮಾಡ್ಯುಲೋ ಅವಕಲಿಸಿದಾಗ ಸೊನ್ನೆಯಾಗುವುದು ಕ್ಸೈ₂ರ ಸಮ ಘಾತಗಳಷ್ಟೇ ಇರುವ ಬಹುಪದೋಕ್ತಿಗಳು. ಆದ್ದರಿಂದ ಉತ್ತರ ಎಫ್₂[ಕ್ಸೈ₁², ಕ್ಸೈ₂², ಕ್ಸೈ₃, ಕ್ಸೈ₄, …].

ಉತ್ತರ 2

ಪೂರ್ಣಾಂಕ ಗುಣಾಂಕಗಳಲ್ಲಿ ದೊಡ್ಡ ಕೆಯುವಿನ ಹೋಮಾಲಜಿ ಸೊನ್ನೆಯಲ್ಲ ಎಂಬುದನ್ನು ಇಲ್ಲಿ ಸೇರಿಸಬೇಕು. ಈ ಸ್ಪೆಕ್ಟ್ರಮ್‌ನ ಸಮ ಸ್ಥಾನಗಳಲ್ಲೆಲ್ಲ ಝಡ್×ಬಿಯು ಎಂಬ ಒಂದೇ ಸ್ಪೇಸ್ ಇದೆ (ಝಡ್ ಎಂದರೆ ಪೂರ್ಣಾಂಕಗಳು, ಬಿಯು ಎಂದರೆ ಅನಂತ ಯೂನಿಟರಿ ಗ್ರೂಪ್‌ನ ಕ್ಲಾಸಿಫೈಯಿಂಗ್ ಸ್ಪೇಸ್). ಅವುಗಳನ್ನು ಜೋಡಿಸುವುದು ಬಾಟ್ ಮ್ಯಾಪ್. ಬಿಯುವಿನ ಹೋಮಾಲಜಿ ಪ್ರತಿ ಸಮ ಡಿಗ್ರಿಗೆ ಒಂದರಂತೆ ಜನಕಗಳಿರುವ ಬಹುಪದೋಕ್ತಿ ರಿಂಗ್. ಸಸ್ಪೆನ್ಶನ್ ಗುಣಲಬ್ಧಗಳನ್ನು ಕೊಲ್ಲುತ್ತದೆ ಮತ್ತು ಉಳಿದದ್ದನ್ನು ಪ್ರಿಮಿಟಿವ್ ಅಂಶಗಳಿಗೆ (ಕೋಗುಣಾಕಾರವು x⊗1+1⊗x ಎಂದು ಕಳಿಸುವ x ಅಂಶಗಳಿಗೆ) ಕಳಿಸುತ್ತದೆ. ನ್ಯೂಟನ್ ಸೂತ್ರದ ಪ್ರಕಾರ 2ಎನ್ ಡಿಗ್ರಿಯ ಪ್ರಿಮಿಟಿವ್ ಜನಕವು, ಗುಣಲಬ್ಧಗಳನ್ನು ಬಿಟ್ಟರೆ, ಬಹುಪದೋಕ್ತಿ ಜನಕದ ಎನ್ ಪಟ್ಟು (ಚಿಹ್ನೆಯನ್ನು ಬಿಟ್ಟು). ಹಾಗಾಗಿ ಕೋಲಿಮಿಟ್‌ನಲ್ಲಿ ಪೂರ್ಣಾಂಕಗಳ ಒಂದು ಪ್ರತಿಯನ್ನು ಕ್ರಮವಾಗಿ 1, 2, 3, 4…ರಿಂದ ಗುಣಿಸುತ್ತ ಹೋಗುತ್ತೇವೆ. ಪ್ರತಿಯೊಂದು ಸಂಖ್ಯೆಯಿಂದಲೂ ಭಾಗಿಸುವ ಅವಕಾಶ ಹೀಗೆ ಹುಟ್ಟಿ, ಪ್ರತಿ ಸಮ ಡಿಗ್ರಿಯಲ್ಲೂ ಭಾಗಲಬ್ಧ ಸಂಖ್ಯೆಗಳ ಗ್ರೂಪ್ ಸಿಗುತ್ತದೆ. ಬೆಸ ಡಿಗ್ರಿಗಳಲ್ಲಿ ಸೊನ್ನೆ. ಬಿಯುವಿನ 2ಎನ್ ಡಿಗ್ರಿಯ ಹೋಮೊಟೊಪಿ ಜನಕದ ಹ್ಯೂರೆವಿಚ್ ಬಿಂಬವು ಪ್ರಿಮಿಟಿವ್ ಜನಕದ (ಎನ್−1)! ಪಟ್ಟು ಎಂಬ ಪ್ರಸಿದ್ಧ ಫಲಿತಾಂಶಕ್ಕೂ ಈ ಲೆಕ್ಕ ಸರಿಯಾಗಿ ಹೊಂದುತ್ತದೆ. ಭಾಗಲಬ್ಧ ಸಂಖ್ಯೆಗಳಲ್ಲಿ ಯಾವುದೇ ಅವಿಭಾಜ್ಯದಿಂದ ಭಾಗಿಸಬಹುದಾದ್ದರಿಂದ, 2 ಮಾತ್ರವಲ್ಲ, ಪ್ರತಿ ಅವಿಭಾಜ್ಯದ ಮಾಡ್ಯುಲೋ ಹೋಮಾಲಜಿಯೂ ಸೊನ್ನೆಯಾಗುತ್ತದೆ.

ಉತ್ತರ 3

ವಾಸ್ತವ ಕೆ-ಸಿದ್ಧಾಂತದ ಕೆಓ ಸ್ಪೆಕ್ಟ್ರಮ್‌ಗೂ ಎಫ್₂ ಹೋಮಾಲಜಿ ಸೊನ್ನೆಯೇ. ವುಡ್ ಪ್ರಮೇಯದಂತೆ ಕೆಓ ಮೇಲೆ ಈಟಾ (ಗೋಳಗಳ ನಡುವಿನ ಹಾಪ್ಫ್ ಮ್ಯಾಪ್ ಕೊಡುವ 1ನೇ ಡಿಗ್ರಿಯ ಅಂಶ) ಗುಣಾಕಾರದ ಕೋಫೈಬರ್ ದೊಡ್ಡ ಕೆಯು. ಅದರ ಹೋಮಾಲಜಿ ಸೊನ್ನೆಯಾದ್ದರಿಂದ ಕೆಓದ ಹೋಮಾಲಜಿಯ ಮೇಲೆ ಈಟಾ ಐಸೊಮಾರ್ಫಿಸಮ್ ಆಗಬೇಕು. ಆದರೆ ಎಫ್₂ ಹೋಮಾಲಜಿಯಲ್ಲಿ ಈಟಾ ಯಾವಾಗಲೂ ಸೊನ್ನೆ. ಎರಡೂ ಒಟ್ಟಿಗೆ ನಿಜವಾಗಲು ಆ ಗ್ರೂಪ್ ಸೊನ್ನೆಯಾಗಿದ್ದರೆ ಮಾತ್ರ ಸಾಧ್ಯ.