ಹಳೇ ಕಾರಿನ ಎಡಗಡೆ ಟಕ್ ಟಕ್ ಸದ್ದು, ಗ್ಯಾರೇಜಿಗೆ ಹೋದರೆ ಮಾಯ

ಬಟವಾಡಿಯವನು:

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನವನು. ನನ್ನದು 2008ರ ಸಣ್ಣ ಪೆಟ್ರೋಲ್ ಕಾರು, 1,10,000 ಕಿಲೋಮೀಟರ್ ಓಡಿದೆ. ಮೂರು ತಿಂಗಳಿಂದ ಎಡಗಡೆ ಮುಂದಿನಿಂದ ಟಕ್ ಟಕ್ ಅಂತ ಸದ್ದು ಬರುತ್ತಿದೆ. ಚಕ್ರದ ಹತ್ತಿರವೋ, ತಳದಲ್ಲೋ ಗೊತ್ತಾಗುತ್ತಿಲ್ಲ. ಕಿತ್ತುಹೋದ ರಸ್ತೆಯಲ್ಲಿ 20-30 ಸ್ಪೀಡಿನಲ್ಲಿ ಹೋದರೆ ಬರುತ್ತದೆ, ಬೆಂಗಳೂರು ಹೈವೇಯಲ್ಲಿ 80ರಲ್ಲಿ ಹೋದರೂ ಏನೂ ಇಲ್ಲ. ಬೆಳಿಗ್ಗೆ ಗುಬ್ಬಿಗೆ ಕೆಲಸಕ್ಕೆ ಹೊರಟಾಗ ನಮ್ಮ ಬೀದಿಯ ಗುಂಡಿಯಲ್ಲಿ ಗ್ಯಾರಂಟಿ ಬರುತ್ತದೆ. ಆದರೆ ಭಾನುವಾರ ಅಪ್ಪನನ್ನು ಸಿದ್ಧಗಂಗಾ ಮಠಕ್ಕೆ ಕರೆದುಕೊಂಡು ಹೊರಟರೆ ಅದೇ ಬೀದಿ, ಅದೇ ಗುಂಡಿ, ಸದ್ದೇ ಇಲ್ಲ!

ಮೊದಲನೇ ಗ್ಯಾರೇಜಿನವರು ಶಾಕ್ ಅಬ್ಸಾರ್ಬರ್ ಹೋಗಿದೆ ಅಂದರು. ಮುಂದಿನ ಎರಡೂ ಬದಲಾಯಿಸಿದೆ. ಸುಮಾರು 7,000 ಖರ್ಚಾಯಿತು, ಸದ್ದು ಹಾಗೇ ಇದೆ. ಎರಡನೇ ಗ್ಯಾರೇಜಿನಲ್ಲಿ ನಾನು ಓಡಿಸಿದೆ, ಅವರು ಪಕ್ಕದಲ್ಲಿ ಕೂತು ಕೇಳಿದರು, ಆಮೇಲೆ ಅವರು ಓಡಿಸಿದರು, ನಾನು ಪಕ್ಕದಲ್ಲಿ ಕೂತೆ, ಒಟ್ಟು ಅರ್ಧ ಗಂಟೆ ಸುತ್ತಿದರೂ ಒಂದು ಸಲವೂ ಬರಲಿಲ್ಲ. "ನಿಮಗೆ ಹಾಗನ್ನಿಸ್ತಿದೆ ಅಷ್ಟೇ" ಅಂದುಬಿಟ್ಟರು. ತುಂಬಾ ಬೇಜಾರಾಯಿತು. ಅಪ್ಪನನ್ನು ಕೂರಿಸಿಕೊಂಡು ಓಡಾಡುವ ಗಾಡಿ, ಚಕ್ರದ ಕಡೆ ಏನಾದರೂ ಲೂಸಾಗಿದ್ದರೆ ಅನ್ನೋ ಭಯ.

ಇನ್ನೊಂದು, ಇದಕ್ಕೂ ಅದಕ್ಕೂ ಸಂಬಂಧ ಇದೆಯೋ ಇಲ್ಲವೋ: ಚಳಿ ಇರುವ ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಇಂಜಿನ್ ಕಡೆಯಿಂದ ಕಿರ್ ಅಂತ ಒಂದು ಹತ್ತು ಸೆಕೆಂಡ್ ಕೂಗುತ್ತದೆ, ಆಮೇಲೆ ನಿಲ್ಲುತ್ತದೆ.

ಸ್ಪ್ಯಾನರ್ 14:

ಸರ್, ಶಿರಾದಲ್ಲಿ ಗ್ಯಾರೇಜ್ ಇಟ್ಟಿದ್ದೇನೆ. ಮೊದಲು ಹೇಳುವುದು, ಇನ್ನು ಮೇಲೆ ಸದ್ದು ಪತ್ತೆಯಾಗದೆ ಯಾವ ಪಾರ್ಟೂ ಬದಲಾಯಿಸಬೇಡಿ. ಬಂದು ಹೋಗುವ ಸದ್ದಿಗೆ "ಯಾವ ಪಾರ್ಟು" ಅಂತ ಕೇಳುವುದಕ್ಕಿಂತ "ಯಾವಾಗ ಬರುತ್ತೆ, ಯಾವಾಗ ಬರಲ್ಲ" ಅಂತ ಕೇಳಬೇಕು.

ಖಾಲಿ ಮೈದಾನದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಒಂದು ಸುತ್ತು ಹಾಕಿ. ತಿರುಗುವಾಗ ಕಟಕಟ ಅಂತ ಬಂದರೆ ಆಕ್ಸಲ್ ಜಾಯಿಂಟ್, ಅಂದರೆ ಚಕ್ರವನ್ನು ತಿರುಗಿಸುವ ರಾಡಿನ ಕೀಲು, ಹೋಗಿದೆ ಅಂತ. ಅದರ ರಬ್ಬರ್ ಬೂಟ್ ಹರಿದಿದ್ದರೆ ರಿಮ್ಮಿನ ಒಳಗಡೆ ಗ್ರೀಸ್ ಎರಚಿರುತ್ತದೆ, ಬಗ್ಗಿ ನೋಡಿದರೆ ಕಾಣುತ್ತದೆ. ಗುಂಡಿ ರಸ್ತೆಯಲ್ಲಿ ಬ್ರೇಕ್ ಮೇಲೆ ಕಾಲು ಮೆಲ್ಲಗೆ ಇಟ್ಟುಕೊಂಡು ಹೋಗಿ, ಸದ್ದು ನಿಂತರೆ ಬ್ರೇಕ್ ಪ್ಯಾಡ್ ಅಲ್ಲಾಡುತ್ತಿದೆ ಅಂತ. ಸ್ಪೀಡ್ ಜಾಸ್ತಿ ಆದ ಹಾಗೆ ಗುಂಯ್ ಅನ್ನುವ ಸದ್ದೂ ಜಾಸ್ತಿಯಾಗಿ, ತಿರುವಿನಲ್ಲಿ ಬದಲಾದರೆ ಚಕ್ರದ ಬೇರಿಂಗ್. ಅದನ್ನು ಮಾತ್ರ ಒಂದು ದಿನವೂ ಮುಂದೂಡಬೇಡಿ. ನಿಮ್ಮದು ಹಾಗಿಲ್ಲ, ಸಮಾಧಾನವಾಗಿರಿ.

ಸಣ್ಣ ಗುಂಡಿಯಲ್ಲಿ ಕಡಿಮೆ ಸ್ಪೀಡಿನಲ್ಲಿ ಟಕ್ ಟಕ್ ಅಂದರೆ ನನಗೆ ಮೊದಲು ಅನುಮಾನ ಬರುವುದು ಲಿಂಕ್ ರಾಡ್, ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಕಂಬಿಯ ತುದಿಗೆ ಸೇರಿರುವ ಸಣ್ಣ ರಾಡು. ಜಾಕ್ ಹಾಕಿ ಚಕ್ರ ನೇತಾಡಿಸಿ ನೋಡಿದರೆ ಎಷ್ಟೋ ಸಲ ಅದು ಸಡಿಲವಾಗಿರುವುದು ಗೊತ್ತಾಗಲ್ಲ, ಬಿಗಿಯಾಗಿ ಕೂತುಬಿಟ್ಟಿರುತ್ತದೆ. ಗಾಡಿ ತನ್ನ ಚಕ್ರದ ಮೇಲೇ ನಿಂತಿರುವಾಗ ಪಿಟ್ಟಿಗೆ ಇಳಿದು ಕೈಯಲ್ಲಿ ಹಿಡಿದು ಅಲ್ಲಾಡಿಸಬೇಕು.

ಬೆಳಿಗ್ಗೆಯ ಕಿರ್ ಬೇರೆ ವಿಷಯ, ಇಂಜಿನ್ನಿನ ಬೆಲ್ಟು. ಕೂಗುವಾಗ ಬಾಟಲಿಯಿಂದ ಬೆಲ್ಟಿನ ಒಳಬದಿಗೆ ಸ್ವಲ್ಪ ನೀರು ಚಿಮುಕಿಸಿ. ಸದ್ದು ಇನ್ನೂ ಜೋರಾದರೆ ಬೆಲ್ಟ್ ಲೂಸಾಗಿ ಜಾರುತ್ತಿದೆ. ನಿಂತು ಮತ್ತೆ ಶುರುವಾದರೆ ಬೆಲ್ಟ್ ಸುತ್ತುವ ಗಾಲಿಗಳು, ಅಂದರೆ ಪುಲ್ಲಿಗಳು, ಒಂದೇ ನೇರದಲ್ಲಿಲ್ಲ. ಇಂಜಿನ್ ಓಡುತ್ತಿರುತ್ತದೆ, ಟವೆಲ್ಲು, ತೋಳು, ಕೈ ಎಲ್ಲ ದೂರ ಇರಲಿ.

ಮಾಲೂರಿನ ಅಕ್ಕ:

ನಾನು ಮೆಕ್ಯಾನಿಕ್ ಅಲ್ಲ, ಆದರೆ ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ಅಪ್ಪ ಇದ್ದಾಗ ಬರಲ್ಲ. ಮೆಕ್ಯಾನಿಕ್ ಪಕ್ಕದಲ್ಲಿ ಕೂತಾಗ ಬರಲ್ಲ. ಅವರು ಓಡಿಸಿ ನೀವು ಪಕ್ಕದಲ್ಲಿ ಕೂತಾಗಲೂ ಬರಲ್ಲ. ಗುಬ್ಬಿಗೆ ನೀವು ಒಬ್ಬರೇ ಹೋಗುತ್ತೀರಿ ಅಲ್ವಾ? ಅಂದರೆ ಎಡಗಡೆ ಸೀಟು ಖಾಲಿ ಇದ್ದಾಗ ಮಾತ್ರ ಸದ್ದು! ಸೀಟನ್ನೇ ಒಂದು ಸಲ ಹಿಡಿದು ಅಲ್ಲಾಡಿಸಿ ನೋಡಿ ತಮ್ಮಾ. ಸೀಟ್ ಬೆಲ್ಟಿನ ಕೊಂಡಿ ಪಕ್ಕದ ಪ್ಲಾಸ್ಟಿಕ್ಕಿಗೆ ಬಡಿಯುತ್ತಿದೆಯಾ ಅದನ್ನೂ ನೋಡಿ.

ನಮ್ಮ ಕಾರಿನಲ್ಲೂ ಹಿಂದೆ ಧಡ್ ಧಡ್ ಅಂತ ಬರುತ್ತಿತ್ತು. ಹಿಂದಿನ ಬುಷ್ ಎಲ್ಲ ಬದಲಾಯಿಸಬೇಕು ಅಂದಿದ್ದರು. ನಮ್ಮೆಜಮಾನರು ಡಿಕ್ಕಿ ಪೂರ್ತಿ ಖಾಲಿ ಮಾಡಿದರು, ನೋಡಿದರೆ ಸ್ಟೆಪ್ನಿ ಹಿಡಿದಿಡುವ ಬೋಲ್ಟ್ ಅರ್ಧ ಬಿಚ್ಚಿಕೊಂಡಿತ್ತು. ಅದಕ್ಕೇ ಹೇಳುವುದು, ಡಿಕ್ಕಿ, ಡ್ಯಾಶ್‌ಬೋರ್ಡ್ ಡಬ್ಬಿ, ಬಾಗಿಲಿನ ಜೇಬು ಎಲ್ಲ ಖಾಲಿ ಮಾಡಿ ಒಂದು ಸಲ ಹೋಗಿ ಬನ್ನಿ.

ಬಟವಾಡಿಯವನು:

ಅಕ್ಕಾ, ಕೈ ಮುಗಿಯುತ್ತೇನೆ. ಸೀಟೇ!

ನಿನ್ನೆ ಸಂಜೆ ಖಾಲಿ ಸೀಟಿನ ಮೇಲೆ 25 ಕೆಜಿ ಅಕ್ಕಿ ಮೂಟೆ ಇಟ್ಟು ಬೆಲ್ಟ್ ಹಾಕಿ ಅದೇ ಗುಂಡಿಗೆ ಇಳಿಸಿದೆ. ಸದ್ದಿಲ್ಲ. ಬೆಲ್ಟ್ ಮಾತ್ರ ಬಿಚ್ಚಿ ಇನ್ನೊಂದು ಸಲ ಇಳಿಸಿದೆ, ಆಗಲೂ ಇಲ್ಲ. ಮೂಟೆ ತೆಗೆದು ಇಳಿಸಿದೆ. ಟಕ್ ಟಕ್. ಮನೆಗೆ ಬಂದು ಸೀಟನ್ನು ಪೂರ್ತಿ ಮುಂದಕ್ಕೆ ತಳ್ಳಿ ಟಾರ್ಚ್ ಹಾಕಿದೆ. ಹಿಂದಿನ ಎರಡು ಬೋಲ್ಟಿನಲ್ಲಿ ಬಾಗಿಲ ಕಡೆಯದು ಬೆರಳಲ್ಲೇ ತಿರುಗಿತು. ಸೀಟು ಜಾರುವ ಕಂಬಿಯ ಕಾಲು ತಳಕ್ಕೆ ಬಡಿದು ಬಡಿದು ಅಲ್ಲಿ ಬಣ್ಣ ಹೋಗಿ, ಒಂದು ರೂಪಾಯಿ ಅಗಲ ಕಬ್ಬಿಣ ಹೊಳೆಯುತ್ತಿತ್ತು.

ಆಗ ನೆನಪಾಯಿತು. ಮಳೆಗಾಲದಲ್ಲಿ ಒಳಗೆ ನೀರು ನುಗ್ಗಿ ಕಾರ್ಪೆಟ್ ಒದ್ದೆಯಾಗಿತ್ತು, ಒಂದು ಕಡೆ ಕೊಟ್ಟು ಸೀಟು ಬಿಚ್ಚಿಸಿ ಒಣಗಿಸಿದ್ದೆ. ಸದ್ದು ಶುರುವಾಗಿದ್ದು ಅದಾದ ಮೇಲೇ. ನನಗೆ ಈಗ ಸಂಕಟ ಆಗುತ್ತಿರುವುದು 7,000 ಹೋಗಿದ್ದಕ್ಕಲ್ಲ. ಮೂರು ತಿಂಗಳು ಅಪ್ಪನನ್ನು ಅದೇ ಸೀಟಿನಲ್ಲಿ ಕೂರಿಸಿದ್ದೆನಲ್ಲ.

ಸದ್ಯಕ್ಕೆ ಅದೇ ಬೋಲ್ಟ್ ಟೈಟ್ ಮಾಡಿದ್ದೇನೆ, ಆದರೆ ಕೊನೆಗೆ ಬರುವಾಗ ಸ್ವಲ್ಪ ಜಾರಿದ ಹಾಗಾಗುತ್ತದೆ. ಇಂಜಿನ್ ಬೆಲ್ಟಿಗೆ ನೀರು ಹಾಕಿದೆ ಸ್ಪ್ಯಾನರ್ ಅಣ್ಣ, ಜೋರಾಯಿತು.

ಸ್ಪ್ಯಾನರ್ 14:

ಜೋರಾಯಿತು ಅಂದರೆ ಬೆಲ್ಟ್ ಲೂಸು, ಬಿರುಕು ಬಿಟ್ಟಿದ್ದರೆ ಹೊಸದೇ ಹಾಕಿಸಿ.

ಸೀಟಿನದು ಹಾಗೆ ಬಿಡಬೇಡಿ. ಜಾರುತ್ತಿದೆ ಅಂದರೆ ಥ್ರೆಡ್, ಅಂದರೆ ಸುರುಳಿ ಗೆರೆ, ಸವೆದು ಹೋಗಿದೆ, ಬೋಲ್ಟಿನದೋ ತಳದ ನಟ್ಟಿನದೋ ನೋಡಬೇಕು. ಹಾರ್ಡ್‌ವೇರ್ ಅಂಗಡಿಯ ಬೋಲ್ಟ್ ಹಾಕಬೇಡಿ, ಅದಕ್ಕೆ ಅಷ್ಟು ಗಟ್ಟಿ ಇರಲ್ಲ, ನಿಮ್ಮ ಮಾಡೆಲ್ಲಿನ ಸೀಟ್ ಬೋಲ್ಟನ್ನೇ ಕೇಳಿ ತರಿಸಿ. ಅಂದು ಬಿಚ್ಚಿದ್ದು ಎರಡೂ ಸೀಟು ತಾನೇ? ಡ್ರೈವರ್ ಸೀಟಿನ ನಾಲ್ಕು ಬೋಲ್ಟನ್ನೂ ಇವತ್ತೇ ನೋಡಿ. ಎಡಗಡೆ ಸೀಟು ಸರಿಯಾಗುವವರೆಗೂ ಅಪ್ಪನವರು ಹಿಂದೆ ಕೂರಲಿ.